ಐದನೇ ಕಿಸೆ

ದಿನಕ್ಕೆ ನೂರಿಪ್ಪತ್ತು ಪ್ಯಾಂಟಿಗೆ ಕಿಸೆ ಹೊಲಿಯುತ್ತೇನೆ.
ಮುಂದೆರಡು, ಹಿಂದೆರಡು,
ಬಲಗಡೆಯ ಕಿಸೆಯೊಳಗೆ ಇನ್ನೊಂದು ಪುಟ್ಟದು.
ಅದು ಯಾತಕ್ಕೆಂದು ಸೇಟು ಹೇಳಲಿಲ್ಲ, ನಾನೂ ಕೇಳಲಿಲ್ಲ.
ನನ್ನ ಸೀರೆಗೆ ಕಿಸೆಯಿಲ್ಲ.
ಅದಕ್ಕೇ ಡಾಕ್ಟರಮ್ಮನ ಚೀಟಿ ಕುಪ್ಪಸದೊಳಗೆ
ನೆನೆದು, ಒಣಗಿ, ಮತ್ತೆ ನೆನೆದು
ಕೌಲ್ ಬಜಾರಿನ ಮೂರನೇ ಅಂಗಡಿ ಮುಟ್ಟುವ ಹೊತ್ತಿಗೆ
ಅಕ್ಷರಕ್ಕಿಂತ ನೀಲಿಯೇ ಹೆಚ್ಚಾಗಿತ್ತು.

ಎರಡನೇ ಹೆರಿಗೆಯಲ್ಲಿ ಏರಿದ ಬಿಪಿ ಇಳಿದೇ ಇಲ್ಲ.
ಆಶಾ ಅಕ್ಕ ಪುಕ್ಕಟೆ ಕೊಡೋದು ನಿನಗೆ ಬ್ಯಾಡ,
ಅಂಗಡಿಯವ ಇದರಂಥದ್ದೇ ಅಂತ ಬೇರೆ ಕೊಟ್ಟರೂ ಬ್ಯಾಡ,
ಇದೇ ಬೇಕು, ದಿನಾ ಒಂದೇ ಹೊತ್ತಿಗೆ, ಒಂದಿನಾನೂ ತಪ್ಪಬಾರದು
ಅಂದಿದ್ದರು ಡಾಕ್ಟರಮ್ಮ.
ತಪ್ಪಿಸಲಿಕ್ಕಾದರೂ ಮೊದಲು ಸಿಗಬೇಕಲ್ಲ.

ಮೊದಲನೇ ಅಂಗಡಿಯವ ಚೀಟಿ ನೋಡಿ
ನನ್ನ ಕೊರಳು ನೋಡಿದ, ತಾಳಿ ಐತೋ ಇಲ್ಲೋ ಎಂದು.
ಇತ್ತು.
ಮಾತ್ರೆ ಇರಲಿಲ್ಲ.

ಎರಡನೆಯವ ಹೆಸರೋದಿ ನಕ್ಕ. "ಗಂಡನ್ನ ಕಳಸಮ್ಮ."
ಗಂಡನಿಗೆ ತೋರಣಗಲ್ಲಿನಲ್ಲಿ ರಾತ್ರಿ ಪಾಳಿ.
ಔಷಧಿ ಅಂಗಡಿ ಅಂದರೆ ಅವನಿಗೆ ತಲೆನೋವಿನ ಮುಲಾಮು, ಅಷ್ಟೇ.

ಮೂರನೆಯವ ಶೇಕ್ಷಾವಲಿ. ಒಳ್ಳೆಯವ.
ಸ್ಟೂಲು ಕೊಟ್ಟ, ಕೂತೆ.
"ನೋಡಕ್ಕ, ಹೋದ ವರ್ಷ ಹತ್ತು ತರಿಸಿದ್ದೆ.
ಎರಡು ಹೋದವು, ಎಂಟರ ಡೇಟು ಹೋಯಿತು.
ವಾಪಸ್ ತಗೋ ಅಂದ್ರೆ ಹೋಲ್‌ಸೇಲಿನವ ಫೋನೇ ಎತ್ತಲಿಲ್ಲ.
ಬಾಕ್ಸಿಗೆ ಹತ್ತು, ಬಿಡಿ ಕಳಸಲ್ಲ.
ಕೇಳೋರಿಲ್ಲ ಅಂತ ನಾನು ತರಸಲ್ಲ."
ಇಲ್ಲ ಅಂತೀರಂತ ನಾವು ಕೇಳಲ್ಲ, ಅಂದೆ.
ಅವನು ಗಲ್ಲಾಪೆಟ್ಟಿಗೆ ತೆರೆದ, ಮುಚ್ಚಿದ.
"ಅದೂ ಖರೆ."

ಅವನ ಹಿಂದೆ ಕಪಾಟಿನಲ್ಲಿ
ಹತ್ತು ಬಣ್ಣದ ಹಾಲುಪುಡಿ, ಕೂದಲು ಉದುರದ ಎಣ್ಣೆ,
ಮೂರು ದಿನದೊಳಗೆ ನುಂಗುವ ಆ ಒಂಟಿ ಮಾತ್ರೆ.
ಅದು ಎದುರಿಗೇ, ಮಿಂಚುವ ಡಬ್ಬಿಯಲ್ಲಿ, ಬೇಕಾದಷ್ಟು.
ಗಾಬರಿಗೆ ಯಾವಾಗಲೂ ಸ್ಟಾಕಿದೆ.
ಲೆಕ್ಕ ಹಾಕಿ ಬಾಳುವವರಿಗೆ ಇಲ್ಲ.

ಕರೆಂಟು ಹೋಗಿ ಮಷೀನುಗಳೆಲ್ಲ ಸುಮ್ಮನಾದಾಗ
ಮಂಡಕ್ಕಿ ಹಂಚುತ್ತ ಹೇಳಿದೆ.
ಯಾರೂ ಮಾತಾಡಲಿಲ್ಲ.
ಆಮೇಲೆ ಗುಂಡಿ ಹಚ್ಚುವ ಸುಂಕಮ್ಮ:
ಉಗಾದಿಗೆ ತನಗೂ ಇದೇ ಚೀಟಿ ಬರೆದಿದ್ದರಂತೆ.
ಸಿಗಲಿಲ್ಲ. ಈಗ ಐದು ತಿಂಗಳು.
ಹೇಳಿ, ಉಳಿದ ಮಂಡಕ್ಕಿ ಒಂದೊಂದೇ ಆರಿಸಿ ತಿಂದಳು.

ದಾರ ಕತ್ತರಿಸುವ ಹೊನ್ನೂರಬೀಗೆ ಐವತ್ಮೂರು,
ಮುಟ್ಟು ನಿಂತು ಆರು ವರ್ಷ.
"ಹತ್ತು ಮಂದಿ ಕೇಳಿದ್ರೆ ತರಸ್ತಾನಲ್ಲ? ನಡೀರಿ."

ಸೋಮವಾರ ಇಬ್ಬರು ಹೋದರು.
ಮಂಗಳವಾರ ಆಪರೇಷನ್ ಆದವಳೊಬ್ಬಳು.
ಬುಧವಾರ ಮದುವೆಯಿನ್ನೂ ಆಗದ ರುದ್ರಾಣಿ, ಅಕ್ಕನಿಗೆ ಅಂತ ಹೇಳಿ
(ಅವಳಿಗೆ ಅಕ್ಕನೇ ಇಲ್ಲ).
ಗುರುವಾರ ಹೊನ್ನೂರಬೀ ತಾನೇ ಹೋಗಿ
ಬುರ್ಖಾ ಸರಿಸಿ, ಬೀದಿಗೆಲ್ಲ ಕೇಳುವ ಹಾಗೆ
ನಾನು ಬಾಯಿಪಾಠ ಮಾಡಿಸಿದ ಹೆಸರನ್ನು
ಎರಡು ಅಕ್ಷರ ತಪ್ಪಾಗಿ ಕೂಗಿದಳು.
"ಖಾಲಾ, ನಿಮಗಾ?"
"ಯಾಕ, ನನಗ ಬರದಿಲ್ಲಂತ ನಿನಗ ಯಾರು ಹೇಳಿದ್ರು?
ಬರ್ಕೊ."
ಬರಕೊಂಡ.

ಹದಿನಾಲ್ಕನೇ ದಿನಕ್ಕೆ ಬಾಕ್ಸು ಬಂತು.
ಡೇಟು ನೋಡಿದೆ, ಇನ್ನು ಏಳು ತಿಂಗಳು.
ನಿಜವಾಗಿ ಬೇಕಾದವರು ಮೂವರು,
ತಿಂಗಳಿಗೊಂದು ಪಟ್ಟಿಯಂತೆ ಇಪ್ಪತ್ತೊಂದು.
ಹತ್ತು ಸಾಲಲ್ಲ, ಅಂದೆ.
ಶೇಕ್ಷಾವಲಿ ಕಿವಿಯ ಮೇಲಿನ ಪೆನ್ನು ತೆಗೆದ.

ಹಳೇ ಪೇಪರಿನಲ್ಲಿ ಸುತ್ತಹೋದ. ಬ್ಯಾಡ, ಹಂಗೇ ಕೊಡು.

ಮರುದಿನ ಯಾರದೋ ಪ್ಯಾಂಟಿನ ಐದನೇ ಕಿಸೆಯಲ್ಲಿ
ಪಟ್ಟಿ ಇಟ್ಟು ನೋಡಿದೆ. ಅರ್ಧ ಹೊರಗೇ ಉಳಿಯಿತು.
ಬಿದ್ದ ಚೂರು ಆಯ್ದು ನನ್ನ ಲಂಗಕ್ಕೊಂದು ಕಿಸೆ ಹೊಲಿದುಕೊಂಡೆ,
ಅದಕ್ಕಿಂತ ಎರಡು ಬೆರಳು ದೊಡ್ಡದು.
ಸುಂಕಮ್ಮ ಮುಟ್ಟಿ ನೋಡಿದಳು, ಅಳತೆ ಕೇಳಿದಳು.
ಈಗಲೇ ಹಚ್ಚಿ ಕೊಡಲಾ, ಅಂದೆ.
"ಹಡದ ಮ್ಯಾಲೆ."